‘ಇಲ್ಲ’ಗಳ ಪಟ್ಟಿ ಹಿಡಿದು ಬನಿಯಾಸ್‌ಗೆ

ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ ದುಬೈಯ ಕರಾಮದ ಮನೆಯಿಂದ ಹೊರಟೆವು. ಹನ್ನೊಂದಕ್ಕೆ ಸರಿಯಾಗಿ ನನ್ನ ಹೆಂಡತಿ ಲವೀನಾ ಅಬುಧಾಬಿಯ ಬನಿಯಾಸ್‌ನಲ್ಲಿ ಪರೀಕ್ಷೆಗೆ ಹಾಜರಿರಬೇಕಿತ್ತು. ಐಸ್‌ಲ್ಯಾಂಡಿನ ಒಂದು ವೃದ್ಧಾಶ್ರಮಕ್ಕೆ ನರ್ಸ್‌ಗಳನ್ನು ಆರಿಸುವ ಭಾಷಾ ಪರೀಕ್ಷೆ. ಮೊದಲ ಸಲ ಫೇಲಾಗಿದ್ದಳು, ಮೂರನೆಯ ಅವಕಾಶ ಇರಲಿಲ್ಲ. ಅವಳು ನರ್ಸ್ ಆಗಿದ್ದ ಕ್ಲಿನಿಕ್ ಮುಚ್ಚಿ ಎರಡು ತಿಂಗಳಾಗಿತ್ತು. ಅಲ್ ಕುಸೈಸ್‌ನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ನನ್ನ ಸಂಬಳವೊಂದರಲ್ಲೇ ದುಬೈಯಲ್ಲಿ ಸಂಸಾರ ನಡೆಸುವುದು ಆಗದ ಮಾತು. ಪಾಸಾದರೆ ಅವಳೊಬ್ಬಳೇ ಹೋಗುವುದು, ಒಂದು ವರ್ಷ ಕಳೆದ ಮೇಲೆ ನನ್ನನ್ನೂ ಮಗಳನ್ನೂ ಕರೆಸಿಕೊಳ್ಳುವುದು. ಫೇಲಾದರೆ ಮೂವರೂ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದು.

ಏಳು ವರ್ಷದ ನಿಯಾಳನ್ನು ಪಕ್ಕದ ಫ್ಲ್ಯಾಟಿನ ಝುಬೈದಾ ಅವರ ಬಳಿ ಬಿಟ್ಟಿದ್ದೆವು. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. “ಮಗುವಿನ ಚಿಂತೆ ಬೇಡ ಲವೀನಾ, ನಾನು ದುವಾ ಮಾಡ್ತೇನೆ” ಅಂದರು. ನನ್ನ ಮುಖವನ್ನೂ ಒಮ್ಮೆ ನೋಡಿದರು. ನಾನು ಬೂಟಿನ ಲೇಸು ಕಟ್ಟುತ್ತಾ ಕೂತೆ.

ಅಲ್ ಗುಬೈಬ ನಿಲ್ದಾಣದಿಂದ ಅಬುಧಾಬಿ ಬಸ್ಸಿಗೆ ಇಪ್ಪತ್ತೈದು ದಿರಹಂ. ದುಬೈಯ ನೋಲ್ ಕಾರ್ಡ್ ತಾಗಿಸಿ ಹತ್ತಿದೆವು. ಎರಡು ಗಂಟೆಯ ದಾರಿ. ಆದರೆ ಜೆಬೆಲ್ ಅಲಿ ದಾಟುತ್ತಲೇ ಮಂಜು ಕವಿಯಿತು. ರಸ್ತೆಯ ಮೇಲಿನ ಫಲಕದಲ್ಲಿ ವೇಗ ಎಂಬತ್ತಕ್ಕೆ ಇಳಿಯಿತು, ಬಸ್ಸೂ ತೆವಳತೊಡಗಿತು. ಲವೀನಾ ನೋಟ್‌ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಕೇಳು” ಅಂದಳು. (ನಾವು ಮಾತಾಡುವುದು ಕೊಂಕಣಿ. ಓದುವವರಿಗಾಗಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.)

ಆ ಪುಸ್ತಕದ ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಐಸ್‌ಲ್ಯಾಂಡಿನ ಪದ, ಅದೂ ಕನ್ನಡ ಅಕ್ಷರದಲ್ಲಿ. ಉಚ್ಚಾರ ಬರೆಯಲು ನಮ್ಮ ಲಿಪಿಯೇ ವಾಸಿ ಅನ್ನುವುದು ಅವಳ ವಾದ. ಎಲ್ಲವೂ ‘ಇಲ್ಲ’ ಅನ್ನುವ ಪದಗಳು. ವಯಸ್ಸಾದವರ ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ನರ್ಸ್‌ಗಳು ಒಬ್ಬರಿಗೊಬ್ಬರು ಒಪ್ಪಿಸುವ ವರದಿಯಲ್ಲಿ ಇರುವುದೆಲ್ಲ ಅದೇ: ಹಸಿವಿಲ್ಲ, ನಿದ್ರೆಯಿಲ್ಲ, ಶಕ್ತಿಯಿಲ್ಲ, ನೆನಪಿಲ್ಲ. ಹೋದ ಸಲ ಅವಳು ಫೇಲಾದದ್ದೂ ಈ ವರದಿಯಲ್ಲೇ.

“ಲ್ಯಾಕ್?”

“ಸ್ಕೋರ್ತುರ್.”

“ವಿದೌಟ್?”

“ಔನ್.”

“ನಿದ್ರೆ ಇಲ್ಲದ್ದು?”

“ಸ್ವೆಪ್ನ್‌ಲೇಯ್ಸಿ. ಹಸಿವು ಇಲ್ಲದ್ದು ಲಿಸ್ತರ್‌ಲೇಯ್ಸಿ. ನೆನಪು ಇಲ್ಲದ್ದು ಮಿನ್ನಿಸ್‌ಲೇಯ್ಸಿ. ಮುಂದಿನದ್ದು ಹೇಳು.”

ಪುಟ ತಿರುಗಿಸಿದೆ.

“ಒಂದು ಬಿಟ್ಟೆ ನೀನು” ಅಂದಳು. “ಕೊನೇದು. ನಿನ್ನ ಬೆರಳು ಅದರ ಮೇಲೇ ಇತ್ತು.”

ಹತ್ತಿರದವರು ಇಲ್ಲದಾಗ ಆಗುವ ಸಂಕಟಕ್ಕೆ ಆ ಜನ ಇಟ್ಟುಕೊಂಡ ಪದ ಅದು. ಅದನ್ನು ಕೇಳುವುದು ನನ್ನಿಂದ ಆಗಲಿಲ್ಲ. ಕಾಣಲಿಲ್ಲ ಎಂದು ಸುಳ್ಳು ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಮಂಜು ಬಿಟ್ಟರೆ ಅಲ್ಲಿ ನೋಡಲು ಏನೂ ಇರಲಿಲ್ಲ.

ಅಬುಧಾಬಿಯ ದೊಡ್ಡ ಬಸ್ ನಿಲ್ದಾಣ ತಲುಪಿದಾಗ ಹತ್ತು ಗಂಟೆ. ಬನಿಯಾಸ್ ಇರುವುದು ನಗರದ ಹೊರಗೆ, ನಾವು ಹಿಂದೆ ಬಿಟ್ಟು ಬಂದ ಕಡೆಯಲ್ಲೇ ಎಂದು ವಿಚಾರಿಸಿದಾಗ ತಿಳಿಯಿತು. ಓಡಿ ಅಲ್ಲಿಗೆ ಹೋಗುವ ಬಸ್ ಹತ್ತಿ ನೋಲ್ ಕಾರ್ಡ್ ತಾಗಿಸಿದೆ. ಯಂತ್ರ ಕೆಂಪು ದೀಪ ತೋರಿಸಿತು. ಮತ್ತೆ ತಾಗಿಸಿದೆ.

“ನೋಲ್ ಮಾಫಿ” ಅಂದ ಡ್ರೈವರ್. ‘ಇಲ್ಲ’ ಅನ್ನುವುದಕ್ಕೆ ಇಲ್ಲಿನ ಅರಬಿ ಪದ ಅದು. “ಹಫಿಲಾತ್ ಕಾರ್ಡ್.”

ಅಬುಧಾಬಿಯ ಬಸ್ಸಿಗೆ ಅಬುಧಾಬಿಯದೇ ಕಾರ್ಡ್ ಬೇಕು. ಜೇಬಲ್ಲಿ ನೋಲ್ ಇದ್ದರೆ ಇಡೀ ದೇಶ ಸುತ್ತಬಹುದು ಅಂದುಕೊಳ್ಳುವುದು ನಮ್ಮಂಥ ದುಬೈಯವರ ಜಂಭ. ಇಳಿದು ಕಾರ್ಡ್ ಕೊಡುವ ಯಂತ್ರದ ಮುಂದೆ ನೋಡಿದರೆ ಹದಿನೈದು ಜನರ ಸಾಲು. ನಾವು ಬಿಟ್ಟ ಬಸ್ ನಮ್ಮ ಕಣ್ಣೆದುರೇ ಹೊರಟಿತು. ನಾನು ಯಂತ್ರಕ್ಕೆ, ಸಾಲಿಗೆ, ಮಂಜಿಗೆ ಒಟ್ಟಿಗೇ ಬೈದೆ.

ಲವೀನಾ ಸ್ವರ ಏರಿಸಲಿಲ್ಲ. “ಹದಿನಾಲ್ಕು ವರ್ಷ ಆಯ್ತು ನೀನು ಈ ದೇಶಕ್ಕೆ ಬಂದು. ಗೋದಾಮಿನಲ್ಲಿ ಒಂದು ಸ್ಕ್ರೂ ಕಮ್ಮಿಯಾದ್ರೆ ನಿನಗೆ ಗೊತ್ತಾಗ್ತದೆ. ಇದು ಗೊತ್ತಿರ್ಲಿಲ್ವಾ?”

“ಇರ್ಲಿಲ್ಲ.”

“ನಾನು ಹೋಗುದು ನಿನಗೆ ಬೇಡ ಅಲ್ವಾ?”

ನಾನು ಟ್ಯಾಕ್ಸಿಗೆ ಕೈ ಮಾಡಿದೆ. ಪೇಶಾವರದ ಚಾಲಕ, ನಡುವಯಸ್ಸು. ಹನ್ನೊಂದರೊಳಗೆ ಬನಿಯಾಸ್ ಅಂದೆ. ಗಡಿಯಾರ ನೋಡಿದ, ಮಂಜು ನೋಡಿದ, “ದೇಖ್ತೇ ಹೈ” ಅಂದ. ಸೇತುವೆ ದಾಟುವಾಗ ವಾಹನಗಳ ಸಾಲು ನಿಂತೇ ಹೋಯಿತು. ಹತ್ತು ಇಪ್ಪತ್ತೆರಡು. ಹತ್ತು ಮೂವತ್ತು.

“ಕಾರ್ಡಿನದ್ದು ಬೇಕಂತ ಮಾಡಿದ್ದಲ್ಲ” ಅಂದೆ. “ಆದ್ರೆ ನೀನು ಫೇಲಾದ್ರೆ ಒಳ್ಳೇದಿತ್ತು ಅಂತ ಅನಿಸಿದ್ದು ಹೌದು. ಒಂದು ಸಲ ಅಲ್ಲ. ನೀನಿಲ್ಲದ ಮನೆ ನೆನೆಸಿದ್ರೆ ನನಗೆ ಹೆದರಿಕೆ ಆಗ್ತದೆ.”

ಅವಳು ನನ್ನ ಕಡೆ ತಿರುಗಿದಳು. “ನನಗೂ ಹೆದರಿಕೆ ಉಂಟು ಮಾರಾಯ. ನೀನೇ ಹೀಗೆ ಹೆದರಿ ಕೂತ್ರೆ ನನ್ನದನ್ನು ಯಾರ ಹತ್ರ ಹೇಳುದು?” ಆಮೇಲೆ, “ಆಗ ಬಿಟ್ಟ ಪದ ಕೇಳು” ಅಂದಳು.

ಕೇಳಿದೆ.

“ಸೋಹ್ಕ್ನುದುರ್” ಅಂದಳು, ಸ್ವಲ್ಪವೂ ತಡವರಿಸದೆ.

ಹತ್ತು ಐವತ್ತಾರಕ್ಕೆ ಕಟ್ಟಡದ ಮುಂದೆ ಇಳಿದೆವು. ಬಾಡಿಗೆ ಎಪ್ಪತ್ತೆರಡು ದಿರಹಂ. ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು.

ಮೂರನೆಯ ಮಹಡಿಯ ಕಾಯುವ ಕೋಣೆಯಲ್ಲಿ ಕೂತೆ. ಕೆಳಗಿನ ಕೆಫೆಟೇರಿಯಾದಿಂದ ತಂದ ಕರಕ್ ಚಹಾ ಕುಡಿಯದೆ ತಣ್ಣಗಾಯಿತು. ನಿಯಾ ಫೋನ್ ಮಾಡಿದಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲೇ.

“ಡ್ಯಾಡಾ, ಇಸ್ ಮಮ್ಮಾ ಡನ್?”

“ಇನ್ನೂ ಇಲ್ಲ ಪುತಾ.”

“ಇಫ್ ಶಿ ಗೋಸ್, ಹೂ ವಿಲ್ ಡೂ ಮೈ ಹೇರ್?”

“ನಾನು.”

“ಯೂ ಡೋಂಟ್ ನೋ ಹೌ.”

“ಕಲಿತೇನೆ” ಅಂದೆ. ನಾನು ಹಾಗೆ ಹೇಳಿದ್ದು ಅದೇ ಮೊದಲು.

ಒಂದು ಗಂಟೆಗೆ ಬಾಗಿಲು ತೆರೆಯಿತು. ಲವೀನಾಳ ಮುಖ ನೋಡಿ ಏನೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು, “ಪಾಸ್” ಅಂದಳು. ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು.

“ಪರೀಕ್ಷೆ ಮಾಡುವವರಲ್ಲಿ ಬಿಳಿ ಕೂದಲಿನ ಹೆಂಗಸೊಬ್ರು ಪೇಷೆಂಟ್ ಹಾಗೆ ಮಲಗಿದ್ರು. ಊಟದ ತಟ್ಟೆ ದೂಡಿದ್ರು. ಹಸಿವಿಲ್ಲ, ನಿದ್ರೆಯಿಲ್ಲ, ಎಲ್ಲ ಒಪ್ಪಿಸಿದೆ. ಆಮೇಲೆ ಅವರನ್ನೇ ಕೇಳಿದೆ, ಯಾಕಮ್ಮಾ ಊಟ ಬೇಡ ಅಂತ. ಮಗ ಬರ್ಲಿಲ್ಲ ಅಂದ್ರು. ಹೋದ ಸಲ ನಾನು ಪಟ್ಟಿ ಮಾತ್ರ ಒಪ್ಪಿಸಿದ್ದೆ, ಕೇಳಿರ್ಲಿಲ್ಲ.”

ಅವಳ ಕೈಯಲ್ಲಿ ನಾಲ್ಕು ಪುಟದ ಅರ್ಜಿ ಇತ್ತು. ಇವತ್ತೇ ತುಂಬಿಸಿ ಕೊಡಬೇಕಂತೆ, ಮೂರು ವಾರದಲ್ಲಿ ಹೊರಡಬೇಕಂತೆ. ನಮ್ಮ ಮನೆಯ ಅರ್ಜಿಗಳನ್ನೆಲ್ಲ ತುಂಬುವವನು ನಾನೇ. ಹೆಸರು, ಪಾಸ್‌ಪೋರ್ಟ್, ವಿಳಾಸ ಎಲ್ಲ ಬರೆದೆ. ಎರಡನೆಯ ಪುಟದಲ್ಲಿ, ಮೊದಲ ವರ್ಷ ಜೊತೆಗೆ ಬರುವ ಕುಟುಂಬದವರು ಯಾರು ಎಂಬ ಪ್ರಶ್ನೆಗೆ ಬಂದಾಗ ಪೆನ್ನನ್ನು ಅವಳತ್ತ ಚಾಚಿದೆ.

“ಇದೊಂದು ನೀನು ಬರಿ.”

ಅವಳು ತೆಗೆದುಕೊಳ್ಳಲಿಲ್ಲ. “ನಿನ್ನ ಕೈಯಲ್ಲೇ ಆಗ್ಬೇಕು. ನಾಳೆ ನಾನು ಬಿಟ್ಟು ಹೋದೆ ಅಂತ ನಿನಗೂ ಅನಿಸ್ಬಾರ್ದು, ನನಗೂ ಅನಿಸ್ಬಾರ್ದು.”

‘ಯಾರೂ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆಯಲು ನಾಲ್ಕೇ ಅಕ್ಷರ ಸಾಕು, NONE. ಒಂದೊಂದನ್ನೂ ದೊಡ್ಡದಾಗಿ, ಬಿಡಿಸಿ ಬರೆದೆ. ನಾಲ್ಕನೆಯದು ಮುಗಿಯುವವರೆಗೂ ಅವಳು ನನ್ನ ಭುಜದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.