ಕಾಲುಸಂಕಕ್ಕೆ ಕಟ್ಟಿದ ಮುಖ

ನಮ್ಮ ವಾರ್ಡಿನ ಕಾರ್ಪೊರೇಟರ್ ವೋಟು ಕೇಳಲು ಬಂದಾಗ ಹೇಳಿದ್ದು ಒಂದೇ ಮಾತು. "ನನ್ನ ಮುಖ ನೋಡುವುದು ಬೇಡ ಅಕ್ಕ, ನಾಯಕರ ಮುಖ ನೋಡಿ ಒತ್ತಿ." ಒತ್ತಿದೆ. ಇವನ ಮುಖ ನೋಡಿದ್ದರೆ ಒತ್ತುತ್ತಿರಲಿಲ್ಲ. ಚಿಕ್ಕವನಿದ್ದಾಗ ಇವನ ಮೂಗು ಒರೆಸಿದವಳು ನಾನು.

ಶಕ್ತಿನಗರದ ಇಳಿಜಾರಿನಲ್ಲಿ, ಕೊಳಚೆ ಹರಿಯುವ ತೋಡಿನ ಆಚೆ ನಮ್ಮ ಮನೆ. ತೋಡು ದಾಟಲು ಇದ್ದ ಹಳೆಯ ಕಾಲುಸಂಕ ಮಳೆಗೆ ಕೊಚ್ಚಿಹೋಗಿತ್ತು. ನನ್ನ ಗಂಡನ ಕಿಡ್ನಿ ಕೆಟ್ಟಿದೆ. ಡಯಾಲಿಸಿಸ್‌ಗೆ ಹೋಗುವ ದಿನ ಅಕ್ಕಪಕ್ಕದವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತೋಡಿನ ಕೊಳಚೆಗೆ ಇಳಿದು, ರಿಕ್ಷಾದವರೆಗೆ ಹೊರುತ್ತಿದ್ದರು. ಕೊನೆಗೆ ಕಾಂಕ್ರೀಟಿನ ಹೊಸ ಸಂಕ ಎದ್ದಿತು. ಆದರೆ ಸಂಕದ ರಸ್ತೆ ಕಡೆಯ ತುದಿಗೆ ಅಡ್ಡಲಾಗಿ ಬಿದಿರು ಕಟ್ಟಿ, ಅದಕ್ಕೆ ನಾಯಕರ ಮುಖದ ಫ್ಲೆಕ್ಸ್ ಬಿಗಿದರು. ಅವರೇ ಬಂದು ಉದ್ಘಾಟಿಸಬೇಕಂತೆ.

"ಅವರು ಬರುವುದು ಯಾವಾಗ ಮಾರಾಯ?"

"ಅದು ನಮ್ಮ ಕೈಯಲ್ಲಿ ಉಂಟಾ ಅಕ್ಕ? ಅವರು ಹೇಳದೆ ನಮ್ಮಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ."

ಹೊಸ ಸಂಕದ ಪಕ್ಕದಲ್ಲೇ ಗಂಡನನ್ನು ತೋಡಿಗಿಳಿಸಿ ಹೊತ್ತೆವು. ಫ್ಲೆಕ್ಸ್ ಬಿಚ್ಚಲು ಯಾರಿಗೂ ಧೈರ್ಯವಿಲ್ಲ. ಬಿಚ್ಚುವಾಗ ಆ ಮುಖ ಹರಿದರೆ?

ನಾಯಕರು ಮಂಗಳೂರಿಗೆ ಬಂದರು. ರೋಡ್ ಶೋ ಮಾತ್ರ, ಉದ್ಘಾಟನೆ ಇಲ್ಲ. ನಾನೇ ಕೇಳಿಬಿಡುತ್ತೇನೆ ಎಂದು ಒಂದು ಚೆಂಡು ಮಲ್ಲಿಗೆ ಹಿಡಿದು ರಸ್ತೆ ಬದಿಯಲ್ಲಿ ನಿಂತೆ. ಕೇಳುವ ಮಾತನ್ನು ಬಾಯಿಪಾಠ ಮಾಡಿದ್ದೆ. ವಾಹನ ತಿರುವಿನಲ್ಲಿ ಕಂಡದ್ದೇ, ಅಷ್ಟು ಹೊತ್ತು ಕಾಲು ತುಳಿದು ಜಗಳವಾಡುತ್ತಿದ್ದ ಜನ ಗಪ್ಪಾದರು. ಹಗ್ಗ ಹಿಡಿದಿದ್ದ ಪೊಲೀಸಿನವಳ ಕೈಗಳೂ ತಾವಾಗಿ ಜೋಡಿಕೊಂಡವು. ಆಮೇಲೆ ಎದ್ದ ಕೂಗು ನನ್ನ ಹೊಟ್ಟೆಯೊಳಗಿಂದಲೇ ಎದ್ದ ಹಾಗಿತ್ತು. ಅವರು ಫ್ಲೆಕ್ಸಿನಲ್ಲಿ ಕಂಡಷ್ಟು ದೊಡ್ಡವರಲ್ಲ, ಸಣ್ಣ ಆಳು. ಆದರೂ ಅವರು ಕೈ ಎತ್ತಿದರೆ ಇಡೀ ರಸ್ತೆ ಕೈ ಎತ್ತುತ್ತದೆ. ಕಣ್ಣಾರೆ ಕಂಡವಳು ನಾನು. ಅವರು ನನ್ನ ಕಡೆ ತಿರುಗಿದರು. ನನ್ನ ಬಾಯಿ ತೆರೆಯಲಿಲ್ಲ. ಮಲ್ಲಿಗೆ ಎಸೆದೆ, ಅಷ್ಟೆ.

ಜನ ಕರಗಿದ ಮೇಲೆ ಕಾರ್ಪೊರೇಟರ್ ಸಿಕ್ಕಿದ.

"ಹೇಳಿದ್ರಾ ಅಕ್ಕ?"

"ಇಲ್ಲ. ನೀನು?"

"ನಾನು ಎಂತ ಹೇಳುವುದು? ಅವರ ಹತ್ತಿರ ಹೋದ್ರೆ ನನಗೆ ನನ್ನ ಹೆಸರೇ ನೆನಪಿರುವುದಿಲ್ಲ."

"ಹಾಗಾದರೆ ಅವರಿಗೆ ಹೇಳುವವರು ಯಾರು?"

ಅವನು ಬೆವರು ಒರೆಸಿಕೊಂಡ.

ಮರುದಿನ ಡಯಾಲಿಸಿಸ್. ಬೆಳಿಗ್ಗೆ ಸ್ನಾನ ಮಾಡಿ ಸಂಕಕ್ಕೆ ಹೋದೆ. ಮೊದಲು ಆ ಮುಖಕ್ಕೆ ಕೈ ಮುಗಿದೆ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಎಲ್ಲಿಯೂ ಹರಿಯದ ಹಾಗೆ ಚಾಪೆಯಂತೆ ಸುತ್ತಿ, ಮನೆಯೊಳಗೆ ದೇವರ ಫೋಟೋದ ಕೆಳಗೆ ಇಟ್ಟೆ. ಬಿದಿರನ್ನು ಬದಿಗೆ ಒರಗಿಸಿದೆ. ಗಂಡ ನನ್ನ ಹೆಗಲು ಹಿಡಿದು ಸಂಕದ ಮೇಲೆ ನಡೆದರು. ಅರ್ಧ ದಾರಿಯಲ್ಲಿರುವಾಗ ಕಾರ್ಪೊರೇಟರ್ ಓಡಿಬಂದ.

"ಎಂತ ಮಾಡಿದ್ದು ಅಕ್ಕ ನೀವು? ಅವರು ಎಲ್ಲಿ?"

"ಮನೆಯೊಳಗೆ ಇದ್ದಾರೆ. ಬಿಸಿಲಿಗೆ ಬಣ್ಣ ಹೋಗ್ತಾ ಇತ್ತು. ಅವರು ಬರುವ ದಿನ ಹೇಳು, ತಂದು ಕಟ್ಟುತ್ತೇನೆ."

ಅವನು ರಸ್ತೆಯ ಆಚೀಚೆ ನೋಡಿದ. ಯಾರೂ ಇರಲಿಲ್ಲ. ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲಿ ಸಂಕ ಹತ್ತಿ ಬಂದು, ನನ್ನ ಗಂಡನ ಇನ್ನೊಂದು ತೋಳು ಹಿಡಿದ.