ಬಿದ್ದ ಮರದ ಮೇಲೆ ಕಂಡ ಶಾಖ

ದೆವ್ವ, ಮುನ್ಸೂಚನೆ, ಆರನೆಯ ಇಂದ್ರಿಯ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಧೈರ್ಯವಂತ ಎಂದಲ್ಲ. ಹೆದರಲು ಬೇರೆ ವಿಷಯಗಳೇ ಬೇಕಾದಷ್ಟಿದ್ದವು: ವೀಸಾ ಕಾಗದ, ಕೊಲೆಸ್ಟರಾಲ್, ಬೇಸ್‌ಮೆಂಟಿಗೆ ನುಗ್ಗಬಹುದಾದ ಮಳೆನೀರು, ಹೆದ್ದಾರಿಯಲ್ಲಿ ಬೆನ್ನ ಹಿಂದೆಯೇ ಬರುವ ಟ್ರಕ್ಕು. ಇವುಗಳ ನಡುವೆ ದೆವ್ವಕ್ಕೆ ಜಾಗವಿರಲಿಲ್ಲ. ಈಗ ಬರೆಯುತ್ತಿರುವುದನ್ನು ಬೇರೆಯವರು ಬರೆದಿದ್ದರೆ ನಾನೇ ನಕ್ಕು ಪುಟ ತಿರುವುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ನನ್ನ ಕಾಲೇಜು ಗೆಳೆಯ ಬೋಪಣ್ಣ ಕೊಡಗಿನವನು. ಡೆಟ್ರಾಯಿಟ್ ಬಳಿ ಕೆಲಸ. ಅಲ್ಲಿಂದ ಒಂದೂವರೆ ಗಂಟೆ ಉತ್ತರಕ್ಕೆ ಅವನದೊಂದು ತುಂಡು ಕಾಡು, ಅದರಲ್ಲೊಂದು ಪುಟ್ಟ ಮನೆ. ಪ್ರತಿ ನವೆಂಬರಿನಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾನೆ. "ಸ್ವಾಮಿಗಳೇ, ನೀವು ಮುಟ್ಟೋದೂ ಬೇಡ, ತಿನ್ನೋದೂ ಬೇಡ. ಒಂದು ಸಲ ಬಂದು ಪಕ್ಕದಲ್ಲಿ ಕೂತ್ಕೊಳಿ ಸಾಕು" ಎಂದು ಸಸ್ಯಾಹಾರಿಯಾದ ನನ್ನನ್ನು ಛೇಡಿಸುತ್ತ ವರ್ಷಗಟ್ಟಲೆ ಕರೆದ. ನಾಲ್ಕು ವರ್ಷಗಳ ಹಿಂದೆ ಒಪ್ಪಿದೆ. ಒಪ್ಪಿದ ದಿನದಿಂದಲೇ ಚಿಂತೆ ಶುರುವಾಯಿತು. ಕಾಡಿನಲ್ಲಿ ಯಾರಾದರೂ ನನ್ನನ್ನೇ ಜಿಂಕೆ ಎಂದುಕೊಂಡರೆ?

"ನಿಮ್ಮ ಹೊಟ್ಟೆ ನೋಡಿದ್ಮೇಲೂ ಯಾರ್ರೀ ಜಿಂಕೆ ಅಂದ್ಕೋತಾರೆ?" ಎಂದಳು ನನ್ನ ಹೆಂಡತಿ ಸುಮಾ.

ಆದರೂ ಸಮಾಧಾನವಾಗದೆ ಬೇಟೆಗಾರರು ಬಳಸುವ ಥರ್ಮಲ್ ವ್ಯೂವರ್ ಒಂದನ್ನು ತರಿಸಿದೆ. ಟಾರ್ಚಿನಷ್ಟು ಉದ್ದ, ಒಂದೇ ಕಣ್ಣಿಗೆ ಹಿಡಿದು ನೋಡುವಂಥದು. ಬೆಳಕಿಲ್ಲದಿದ್ದರೂ ಬಿಸಿಯಾದದ್ದು ಬೆಳ್ಳಗೆ, ತಣ್ಣಗಿರುವುದು ಕಪ್ಪಗೆ ಕಾಣುತ್ತದೆ. ಆ ಜಾತಿಯಲ್ಲೇ ಅಗ್ಗದ್ದು. ಮುಖ ಗುರುತಾಗುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಅದರ ಗಡಿಯಾರ ಫ್ಯಾಕ್ಟರಿಯ ತಾರೀಖಿಗೇ ಹಿಂತಿರುಗುತ್ತದೆ.

ನಾವಿರುವ ಪ್ಲೇನ್‌ಫೀಲ್ಡಿನ ಮನೆಯ ಕಿಟಕಿಯ ಒಳಗಿನಿಂದ ಮೊದಲ ಪರೀಕ್ಷೆ ಮಾಡಿದೆ. ಹಿತ್ತಿಲಲ್ಲಿ ಒಬ್ಬ ದಪ್ಪ ಮನುಷ್ಯ ನಿಂತು ನನ್ನನ್ನೇ ನೋಡುತ್ತಿದ್ದ! ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಸುಮಾ ನನ್ನ ಕೈ ಹಿಡಿದು ಮೇಲೆತ್ತಿದಳು; ಹೊರಗಿನವನೂ ಕೈ ಎತ್ತಿದ. ಈ ಯಂತ್ರಕ್ಕೆ ಗಾಜಿನಾಚೆ ಕಾಣುವುದಿಲ್ಲವಂತೆ, ನಮ್ಮದೇ ಶಾಖದ ಪ್ರತಿಬಿಂಬ ಕಾಣುತ್ತದಂತೆ. ಈ ಕಥೆಯನ್ನು ಅವಳು ಆಗಲೇ ಬೋಪಣ್ಣನಿಗೂ ಮುಟ್ಟಿಸಿದಳು.

ಹೊರಡುವಾಗ ಸುಮಾಳಿಗೆ ಹೇಳಿದ್ದೆ: ಅಲ್ಲಿಯ ಐದು ಗಂಟೆಗೆ, ಅಂದರೆ ನಮ್ಮ ನಾಲ್ಕಕ್ಕೆ, ಮೆಸೇಜ್ ಮಾಡುತ್ತೇನೆ, ಬರದಿದ್ದರೆ ಪೊನ್ನಮ್ಮನಿಗೆ ಫೋನ್ ಮಾಡು. ಪೊನ್ನಮ್ಮ ಬೋಪಣ್ಣನ ಹೆಂಡತಿ. ಆ ಸಲವೂ ಕಾಡಿನ ಮನೆಗೆ ಬಂದಿದ್ದಳು, ಆದರೆ ಒಳಗೆ ಕೂತು ಓದುವವಳು. ಬೇಟೆಯ ಕಡೆ ತಲೆ ಹಾಕಿದವಳಲ್ಲ.

ಆ ಸಂಜೆ ನಾವಿಬ್ಬರೂ ಅಟ್ಟಣೆಯ ಮೇಲಿದ್ದೆವು. ನಾಲ್ಕು ಕಂಬಗಳ ಮೇಲಿನ ಮರದ ಗೂಡು, ಗಾಜಿಲ್ಲದ ಕಿಂಡಿ. ಗಾಜಿಲ್ಲ ಎಂಬುದನ್ನು ಬೆರಳಿಟ್ಟು ಖಾತ್ರಿ ಮಾಡಿಕೊಂಡೇ ಕೂತಿದ್ದೆ. ಮಧ್ಯಾಹ್ನ ಬಿದ್ದ ಹೊಸ ಹಿಮ ನೆಲದ ಮೇಲೆ ಕಲೆಯಿಲ್ಲದೆ ಹರಡಿತ್ತು. ಐವತ್ತು ಗಜ ದೂರದಲ್ಲಿ ಬಯಲು, ಅದರಾಚೆ ಸಣ್ಣ ಏರು, ಏರಿನ ಮೇಲೊಂದು ಬಿದ್ದ ಮರ. ಮನೆಯ ಕಾಲುದಾರಿ ಬರುವುದು ಆ ಏರಿನ ಹಿಂದಿನಿಂದ.

ಐದಾಯಿತು. ಮೆಸೇಜ್ ಹೋಗಲಿಲ್ಲ, ಮನೆಯಲ್ಲಿದ್ದ ಸಿಗ್ನಲ್ ಅಟ್ಟಣೆಯ ಮೇಲೆ ಇರಲಿಲ್ಲ. ಮೂರನೆಯ ಸಲ ಒತ್ತಿದಾಗ ಫೋನಿನಲ್ಲಿ ಐದೂ ಮೂರು ಎಂದಿತ್ತು. ಆಗಲೇ ಬೋಪಣ್ಣ ನನ್ನ ಮೊಣಕೈ ತಿವಿದ. ಬಯಲಿನಲ್ಲಿ ದೊಡ್ಡ ಕೊಂಬಿನ ಜಿಂಕೆ. ಅವನು ಬಂದೂಕು ಎತ್ತಿದ. ನಾನು ವ್ಯೂವರ್ ಎತ್ತಿದೆ.

ಜಿಂಕೆ ಬೆಳ್ಳಗೆ ಕಂಡಿತು. ಅದರ ನೇರ ಹಿಂದೆ, ಬಿದ್ದ ಮರದ ಮೇಲೆ, ಒಬ್ಬರು ಕೂತಿದ್ದರು. ತಲೆ ಬಿಳಿ, ಮೈ ಮಸುಕು, ಮತ್ತು ಒಂದು ಪಾದ ಮಾತ್ರ ಇನ್ನೊಂದಕ್ಕಿಂತ ಬಹಳ ಬೆಳ್ಳಗೆ. ಗಾಬರಿಯಲ್ಲಿ ವ್ಯೂವರಿನ ಫೋಟೊ ಗುಂಡಿ ಒತ್ತಿ, ಬೋಪಣ್ಣನ ತೋಳು ಹಿಡಿದು ಕೂಗಿದೆ: "ಹೊಡೀಬೇಡ! ಹಿಂದೆ ಯಾರೋ ಇದಾರೆ!"

ಜಿಂಕೆ ಓಡಿತು. ಬೋಪಣ್ಣ ವ್ಯೂವರ್ ಕಿತ್ತುಕೊಂಡು ನೋಡಿದ. ಬಿದ್ದ ಮರ ತಣ್ಣನೆಯ ಹಿಮದಷ್ಟೇ ಕಪ್ಪಗಿತ್ತು. ನಾನೂ ನೋಡಿದೆ. ಯಾರೂ ಇಲ್ಲ.

"ಮತ್ತೆ ನಿನ್ನನ್ನೇ ನೀನು ನೋಡ್ಕೊಂಡ್ಯಾ ಮಾರಾಯ?" ಎಂದು ಹಲ್ಲು ಕಡಿದ. ಆದರೂ ಬಂದೂಕಿನ ಗುಂಡುಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. "ನಮ್ಮಜ್ಜ ಹೇಳ್ತಿದ್ರು, ಹಿಂದೆ ಯಾರೋ ಇದಾರೆ ಅಂತ ಒಂದು ಸಲ ಮಾತು ಬಂದ್ರೆ ಅವತ್ತು ಕೋವಿಗೆ ಮತ್ತೆ ಗುಂಡು ಹಾಕಬಾರದು. ಮಾತು ನಿನ್ನದಾದ್ರೂ ಸರಿ. ಕತ್ತಲಾಗೋ ತನಕ ಸುಮ್ನೆ ಕೂತಿರು."

ಕಾಲು ಗಂಟೆ ಕಳೆಯಿತು. ಆಮೇಲೆ ಅದೇ ಜಿಂಕೆಯೋ ಅಂಥದೇ ಇನ್ನೊಂದೋ, ಅದೇ ಜಾಗಕ್ಕೆ ಬಂದು ನಿಂತಿತು. ಖಾಲಿ ಬಂದೂಕು ಹಿಡಿದ ಬೋಪಣ್ಣ ನನ್ನತ್ತ ನೋಡಿದ ನೋಟವನ್ನು ಬರೆಯುವುದು ಬೇಡ. ಅವನ ಕಣ್ಣು ತಪ್ಪಿಸಲೆಂದೇ ವ್ಯೂವರ್ ಎತ್ತಿದೆ. ಬಿದ್ದ ಮರದ ಮೇಲೆ ಅದೇ ಆಕೃತಿ. ಅದೇ ಒಂದು ಪಾದ ಹೆಚ್ಚು ಬೆಳ್ಳಗೆ. ಈ ಸಲ ಬೆರಳು ತೋರಿಸಿದೆ. ಅವನು ದುರ್ಬೀನು ಹಿಡಿದ.

"ಅಯ್ಯೋ, ಪೊನ್ನು!" ಎಂದ.

ಪೊನ್ನಮ್ಮ ತೊಗಟೆಯ ಬಣ್ಣದ ಕೋಟು ತೊಟ್ಟು, ಒಂದು ಬೂಟು ಕಳಚಿ, ಒಳಗೆ ಹೊಕ್ಕ ಹಿಮವನ್ನು ಕೊಡವುತ್ತಿದ್ದಳು. ಬೇಟೆಯ ಕಾಲದಲ್ಲಿ ಹಾಕಲೇಬೇಕಾದ ಕಿತ್ತಳೆ ಬಣ್ಣದ ಅಂಗಿ ಅವಳ ಮೈಮೇಲಿರಲಿಲ್ಲ. ಆ ಬೆಳಕಿನಲ್ಲಿ ಬರಿಗಣ್ಣಿಗೆ ಅವಳು ಮರದ ಒಂದು ಗಂಟಿನಂತಿದ್ದಳು. ಬೋಪಣ್ಣ ಏಣಿ ಇಳಿಯಲು ಹೋಗಿ ಎರಡು ಸಲ ಕಾಲು ತಪ್ಪಿದ.

"ಸುಮಾ ಫೋನ್ ಮಾಡಿದ್ಳು, ನಿಮ್ಮಿಂದ ಮೆಸೇಜ್ ಬಂದಿಲ್ಲ ಅಂತ. ಗಾಬರಿ ಬಿದ್ದಿದ್ಳು ಪಾಪ. ಹುಡುಕ್ಕೊಂಡು ಬಂದೆ" ಎಂದಳು ಪೊನ್ನಮ್ಮ. ಬೋಪಣ್ಣ ತಮ್ಮ ಕೊಡವ ಭಾಷೆಯಲ್ಲಿ ಏನೋ ಹೇಳಿದ. ನನಗೆ ಅರ್ಥವಾಗಲಿಲ್ಲ. ಅವಳ ಕೈಯಿಂದ ಬೂಟು ಕೆಳಗೆ ಬಿತ್ತು.

ಅಲ್ಲೇ ಬಗ್ಗಿ ನೋಡಿದೆವು. ಹಿಮದ ಮೇಲೆ ಮನೆಯ ಕಡೆಯಿಂದ ಬಂದು ಆ ಮರದ ಬಳಿ ನಿಂತ ಒಂದೇ ಸಾಲು ಹೆಜ್ಜೆ. ಅವಳ ಫೋನ್ ನೋಡಿದೆವು. ಸುಮಾಳ ಕರೆ ಐದೂ ಎರಡರಿಂದ ಐದೂ ಏಳರವರೆಗೆ. ಆಮೇಲೆ ಊರಿಗೆ ಬಂದು ಸುಮಾಳ ಫೋನಿನಲ್ಲೂ ನೋಡಿದೆ, ಒಂದು ಗಂಟೆಯ ವ್ಯತ್ಯಾಸ ಬಿಟ್ಟರೆ ಅದೇ ನಿಮಿಷಗಳು. ಐದೂ ಮೂರಕ್ಕೆ ನಾನು ಆ ಆಕೃತಿಯನ್ನು ಮೊದಲು ಕಂಡಾಗ ಪೊನ್ನಮ್ಮ ಅಡುಗೆಮನೆಯಲ್ಲಿ ನಿಂತು ನನ್ನ ಹೆಂಡತಿಗೆ ಧೈರ್ಯ ಹೇಳುತ್ತಿದ್ದಳು.

ಎದ್ದು ಹೋದವರ ಶಾಖ ಕೂತ ಜಾಗದಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಅದನ್ನು ನಮ್ಮ ಮನೆಯ ಸೋಫಾದ ಮೇಲೇ ನೋಡಿದ್ದೇನೆ. ಬರುವವರ ಶಾಖ ಮುಂಚೆಯೇ ಬಂದು ಕೂರುವುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ವ್ಯೂವರಿನಲ್ಲಿ ಒಂದೇ ಫೋಟೊ ಇದೆ: ಜಿಂಕೆ, ಹಿಂದೆ ಕೂತ ಆಕೃತಿ, ಬೆಳ್ಳಗಿನ ಒಂದು ಪಾದ. ಗುಂಡಿ ಒತ್ತಿದ್ದು ಮೊದಲ ಸಲ ಎಂದೇ ನನ್ನ ನೆನಪು. ಒತ್ತಿದ್ದು ಎರಡನೆಯ ಸಲವೇ ಆಗಿದ್ದರೆ? ಇಲ್ಲವೆಂದು ಆಣೆ ಇಡಲಾರೆ. ಅದರ ತಾರೀಖು ಹೇಗೂ ಫ್ಯಾಕ್ಟರಿಯದು.

ಪೊನ್ನಮ್ಮ ಮಾತ್ರ ಸಿಕ್ಕಾಗಲೆಲ್ಲ "ನನ್ನ ಜೀವ ಉಳಿಸಿದವರು ನೀವು" ಎನ್ನುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. ಅವಳು ಅಲ್ಲಿಗೆ ಬಂದದ್ದೇ ನನ್ನ ಚಿಂತೆಯಿಂದ. ಅದೂ ಹೋಗಲಿ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಬೋಪಣ್ಣ ಐದೂ ಮೂರಕ್ಕೇ ಹೊಡೆದು ಮುಗಿಸುತ್ತಿದ್ದ. ಆಗ ಆ ಮರದ ಮೇಲೆ ಯಾರೂ ಇರಲಿಲ್ಲ. ಹೀಗೆ ಲೆಕ್ಕ ಹಾಕಿದರೆ ನಾನು ಯಾರನ್ನೂ ಉಳಿಸಿಲ್ಲ, ಒಂದು ಜಿಂಕೆಯನ್ನು ಬಿಟ್ಟು.

ಕಳೆದ ತಿಂಗಳು ಇದನ್ನೇ ಬೋಪಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು, "ಸರಿ ಕಣೋ. ಮೊದಲನೇ ಸಲಾನೇ ಹೊಡೆದಿದ್ರೆ, ನೀನು ನೋಡ್ದೆ ಅಂತೀಯಲ್ಲ, ಅಲ್ಲಿ ಕೂತಿದ್ದದ್ದು, ಅದಕ್ಕೆ ಗುಂಡು ತಗಲ್ತಿತ್ತಾ?" ಎಂದು ಕೇಳಿದ.

ತಗಲಿದ್ದರೂ ಅಡುಗೆಮನೆಯಲ್ಲಿದ್ದ ಪೊನ್ನಮ್ಮನಿಗೆ ಏನೂ ಆಗುತ್ತಿರಲಿಲ್ಲ. ನನ್ನ ಬುದ್ಧಿ ಹಾಗೆಯೇ ಹೇಳುತ್ತದೆ. ಅವನಿಗೆ ಅಷ್ಟು ಖಂಡಿತವಾಗಿ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.