ಆಯ್ತು ಎಂಬ ಕೂಗು

ಅಮೆರಿಕದ ಡಬ್ಲಿನ್ನಿನ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ನಾನು ಬೇಸ್‌ಬಾಲ್ ಅಂಪೈರು ಎಂದರೆ ಎಲ್ಲರದೂ ಒಂದೇ ಪ್ರಶ್ನೆ. "ಅದು ವೀಕೆಂಡಿಗೆ ಸರಿ. ಜಾಬ್ ಏನು?" ಅದೇ ಜಾಬ್ ಎಂದರೆ, ಐಟಿಯಲ್ಲಿರುವ ನನ್ನ ಹೆಂಡತಿಯನ್ನು ಕನಿಕರದಿಂದ ನೋಡಿ ಬಿಸಿಬೇಳೆಬಾತಿನ ಕಡೆ ತಿರುಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಬಳಕ್ಕೆ ಆಡುವವರ ಕೆಳಹಂತದ ಲೀಗುಗಳಲ್ಲಿ ವರ್ಷಗಟ್ಟಲೆ, ಚೆಂಡು ಹಿಡಿಯುವ ಕ್ಯಾಚರನ ಹಿಂದೆ ಬಗ್ಗಿ ನಿಂತವನು ನಾನು. ಚೆಂಡು ಬ್ಯಾಟುಗಾರನ ಮೊಣಕಾಲಿಗೂ ಎದೆಗೂ ನಡುವೆ, ನೆಲದಲ್ಲಿ ಹುದುಗಿಸಿದ ಬಿಳಿ ಪ್ಲೇಟಿನ ಮೇಲೆ ಹಾದರೆ ಸ್ಟ್ರೈಕು; ಮೂರಾದರೆ ಅವನು ಔಟು. ತಪ್ಪಿದರೆ ಬಾಲು. ಸ್ಟ್ರೈಕು ಕೊಡಲು ಪ್ರತಿ ಅಂಪೈರಿಗೂ ತನ್ನದೇ ಒಂದು ಕೂಗು; ಪದವನ್ನು ಪೂರ್ತಿ ಹೇಳುವವರೇ ಇಲ್ಲ. ನನ್ನ ಬಾಯಿಂದ ಬರುತ್ತಿದ್ದದ್ದು "ಆಯ್ತ್". ಅಮೆರಿಕದವರಿಗೆ ಅದು ಸ್ಟ್ರೈಕಿನ ಕೊನೆಯ ತುಂಡಿನಂತೆ ಕೇಳುತ್ತಿತ್ತು. ಮೊದಲ ಸಲ ಸ್ಯಾನ್ ಹೊಸೆಯಲ್ಲಿ ಆಟ ನೋಡಲು ಬಂದ ಹೆಂಡತಿ ಮಾತ್ರ ಹಿಡಿದುಬಿಟ್ಟಳು.

"ರೀ, ನೀವಲ್ಲಿ ಆಯ್ತು ಅಂತೀರಲ್ವಾ?"

ಹೌದು, ಆಯ್ತು. ಮುಗಿಯಿತು, ಇನ್ನು ವಾದ ಬೇಡ ಎಂದು. ಎಂಥ ಸ್ಟಾರ್ ಆಟಗಾರನಾದರೂ ಆ ಒಂದು ಮಾತಿಗೆ ತಲೆ ತಗ್ಗಿಸಿ ಹೋಗಬೇಕಿತ್ತು. ಅದರಲ್ಲಿ ನನಗೆ ಸೊಕ್ಕೂ ಇತ್ತು, ಇಲ್ಲವೆನ್ನುವುದಿಲ್ಲ. ಈ ಕಣ್ಣೇ ನನ್ನನ್ನು ಮೇಲಿನ ಲೀಗಿಗೆ ಮುಟ್ಟಿಸುತ್ತದೆ ಎಂದು ನಂಬಿದ್ದೆ.

ಆಮೇಲೆ ಯಂತ್ರ ಬಂತು. ಮೈದಾನದ ಸುತ್ತ ಕ್ಯಾಮೆರಾಗಳು, ನನ್ನ ಕಿವಿಯೊಳಗೊಂದು ಇಯರ್‌ಫೋನು. ಚೆಂಡು ಬಂದ ತಕ್ಷಣ ಒಂದು ದನಿ ಸ್ಟ್ರೈಕೋ ಬಾಲೋ ಹೇಳುತ್ತದೆ. ನಾನು ಅದನ್ನೇ ಕೂಗಬೇಕು. ಮೇಲಿನವರು ನನ್ನನ್ನು ಹೊಗಳಿದರು. ತಕರಾರು ತೆಗೆಯದೆ ಹೊಂದಿಕೊಂಡೆನಂತೆ. ಮೇಲಿನ ಲೀಗಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಕಿವಿ ಕೇಳಿಸುವ ಯಾರನ್ನು ನಿಲ್ಲಿಸಿದರೂ ನಡೆಯುವ ಕೆಲಸಕ್ಕೆ ನನ್ನನ್ನೇ ಯಾಕೆ ಹತ್ತಿಸಬೇಕು? ನಿರ್ಧಾರ ಯಂತ್ರದ್ದಾಯಿತು, ಬೈಗುಳ ಮಾತ್ರ ಹಳೆಯ ವಿಳಾಸಕ್ಕೇ ಬರುತ್ತಿತ್ತು.

ಹೋದ ಬೇಸಗೆಯಲ್ಲಿ ಒಂದು ಚೆಂಡು ಬ್ಯಾಟುಗಾರನ ಕಣಕಾಲಿನ ಮಟ್ಟದಲ್ಲಿ ಹೋಯಿತು. ನಾನು ಕಣ್ಣಾರೆ ಕಂಡೆ. ಕಿವಿಯಲ್ಲಿದ್ದ ದನಿ ಸ್ಟ್ರೈಕ್ ಎಂದಿತು. ಕೂಗಿದೆ. ಅವನು ಹೆಲ್ಮೆಟ್ಟು ಕಿತ್ತು, ಕುರುಡಾ ಎಂದು ಬೈದ. ಸ್ಟ್ಯಾಂಡಿನಲ್ಲಿದ್ದವರೂ ಅದನ್ನೇ ಹಿಡಿದುಕೊಂಡರು. ಅವರ ನಡುವೆ ನನ್ನ ಹೆಂಡತಿಯೂ ಕೂತಿದ್ದಳು. ನಾಚಿಕೆಯಿಂದ ಅವಳ ಕಡೆ ನೋಡಲಾಗಲಿಲ್ಲ.

ಮನೆಗೆ ಬರುವಾಗ ಫ್ರೀವೇಯಲ್ಲಿ ಅವಳು ಕೇಳಿದಳು.

"ಅದು ಬಾಲ್ ಅಲ್ವೇನ್ರೀ?"

"ಬಾಲೇ."

"ಮತ್ತೆ ಆಯ್ತು ಅಂದ್ರಲ್ಲ?"

"ಅದು ಅವನಿಗೆ ಹೇಳಿದ್ದಲ್ಲ ಕಣೇ. ಕಿವೀಲಿರೋದಕ್ಕೆ ಹೇಳಿದ್ದು."